ನಿಮಿಷಕ್ಕೆ ತೊಂಬತ್ತು ಶಬ್ದ

ಔರಂಗಾಬಾದ
ಬುಧವಾರ, ೨೧ ಫೆಬ್ರುವರಿ ೨೦೦೭

ಪ್ರೀತಿಯ ಅಂಬುಜತ್ತಿಯವರಿಗೆ,
ನಿಮ್ಮ ಭಾರ್ಗವಿಯ ನಮಸ್ಕಾರಗಳು.

ಮೊದಲಿಗೆ ಸಾರಿ ಅತ್ತಿ, ಈ ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಹತ್ತು ವರ್ಷ ಒಂದು ಸಾಲು ಬರೆಯದೆ ಇದ್ದು, ಕೆಲಸ ಬಿದ್ದ ಮೇಲೆ ನೆನಪಾದೆನೇನು ಎಂದು ನೀವು ಕೇಳಿದರೆ ಅದು ನ್ಯಾಯವೇ. ಬೆಳಗಿನಿಂದ ಎರಡು ಸಲ ಬರೆದು ಹರಿದೆ. ಮೊದಲನೆಯದು ಅರ್ಧಕ್ಕೆ ಹೋಗುವಷ್ಟರಲ್ಲಿ ಇಂಗ್ಲಿಷ್ ಆಗಿಬಿಟ್ಟಿತ್ತು, ಎರಡನೆಯದರಲ್ಲಿ ಎಲ್ಲಾ ಚೆನ್ನಾಗಿದೆ ಅನ್ನುವ ಸಮಾಚಾರವೇ ತುಂಬಿತ್ತು. ಇದು ಮೂರನೆಯದು. ಅಕ್ಷರ ವಕ್ರ ಬಂದಿದ್ದರೆ, ಒತ್ತು ತಪ್ಪಿದ್ದರೆ, ಕೆಂಪು ಪೆನ್ನು ಎತ್ತಿಕೊಳ್ಳುವ ಮೊದಲು ಒಂದು ಸಲ ಪೂರ್ತಿ ಓದಿಬಿಡ್ರಿ. ಅಪ್ಪನಿಗೆ ಇದು ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನಿಮ್ಮ ವಿಳಾಸ ಅಪ್ಪನ ಡೈರಿಯಲ್ಲಿ ಸಿಕ್ಕಿತು, ದೀಪಾವಳಿಗೆ ಓಝರಿನ ಮನೆಗೆ ಹೋದಾಗ. ಪ್ರತಿ ವರ್ಷ ಡೈರಿ ಬದಲಾಯಿಸುವಾಗ ಅವರು ಆ ಆಳಂದದ ವಿಳಾಸವನ್ನು ಹೊಸದರಲ್ಲಿ ಮತ್ತೆ ಬರೆದುಕೊಳ್ಳುತ್ತಾರೆ ಅತ್ತಿ. ಮಾತು ಬಿಟ್ಟಿದ್ದಾರೆ, ವಿಳಾಸ ಬಿಟ್ಟಿಲ್ಲ.

ನಿಮ್ಮ ಮೊಣಕಾಲು ಹೇಗಿದೆ? ಇನ್ನೂ ಶಾಲೆಗೆ ನಡೆದೇ ಹೋಗುತ್ತೀರಾ? ರಿಟೈರ್ ಆಗಲು ಇನ್ನೆರಡು ವರ್ಷ ಇರಬೇಕು ಎಂದು ಲೆಕ್ಕ ಹಾಕಿದ್ದೇನೆ, ದಯವಿಟ್ಟು ಅದು ತಪ್ಪಾಗದಿರಲಿ, ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅಪ್ಪ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇದ್ದಂತೆಯೇ ಇದ್ದಾರೆ, ಈಗ ಚಶ್ಮಾ ಬಂದಿದೆ. ಅಮ್ಮನಿಗೆ ಬ್ಯಾಂಕಿನವರು ಜಳಗಾಂವಿನಿಂದ ಕಡೆಗೂ ನಾಸಿಕಕ್ಕೆ ಟ್ರಾನ್ಸ್‌ಫರ್ ಕೊಟ್ಟರು. ಅವಳಿಗೆ ನಾಸಿಕ ಸಿಗುವ ಹೊತ್ತಿಗೆ ನಾನು ಅಲ್ಲಿಯ ಹಾಸ್ಟೆಲ್ ಮುಗಿಸಿ ಇಲ್ಲಿಯ ಹಾಸ್ಟೆಲಿಗೆ ಬಂದಿದ್ದೆ, ನಮ್ಮ ಮನೆಯಲ್ಲಿ ಎಲ್ಲವೂ ಹೀಗೇ. ನಾನು ಡಿ.ಎಡ್. ಮೊದಲನೇ ವರ್ಷ. ಅಪ್ಪನಿಗೆ ಇಂಜಿನಿಯರಿಂಗ್ ಬೇಕಿತ್ತು, ನನ್ನ ಮಾರ್ಕ್ಸಿಗೆ ಬೇಡವಾಗಿತ್ತು. ಹಾಸ್ಟೆಲಿನ ಇಂಗ್ಲಿಷ್, ಕಾಲನಿಯ ಮರಾಠಿ, ಅಪ್ಪನ ಸಿಟ್ಟಿನ ಕನ್ನಡ, ಇಷ್ಟು ಕಟ್ಟಿಕೊಂಡು ಮರಾಠಿ ಕಾಲೇಜಿಗೆ ಸೇರಿದ್ದೇನೆ. ಆರಾಮ ಇದ್ದೇನೆ ಎಂದು ಬರೆಯಬೇಕು. ಆರಾಮ ಇಲ್ಲ. ಐದು ದಿನದಿಂದ ಮೆಸ್ಸಿನಲ್ಲಿ ತಟ್ಟೆ ಹಾಗೇ ಬಿಟ್ಟು ಏಳುತ್ತಿದ್ದೇನೆ, ನನ್ನ ರೂಮಿನ ಹುಡುಗಿಯರು ಯಾರೋ ಹುಡುಗನ ವಿಷಯ ಇರಬೇಕು ಎಂದು ನಗುತ್ತಿದ್ದಾರೆ. ನಗಲಿ ಎಂದು ಬಿಟ್ಟಿದ್ದೇನೆ.

ವಿಷಯ ಒಂದು ಹುಡುಗಿಯದು. ಹೆಸರು ಚನಬಸವ್ವ, ನಾಲ್ಕನೇ ಇಯತ್ತೆಯಲ್ಲಿ ಓದುತ್ತಾಳೆ. ವಾಳೂಜಿನ ಕಾರ್ಖಾನೆಗಳ ಹಿಂದೆ ಕಾಂಟ್ರಾಕ್ಟ್ ಕೂಲಿಯವರ ಮನೆಗಳಿವೆ, ಅದಕ್ಕೆ ಹತ್ತಿಕೊಂಡು ಒಂದು ಮರಾಠಿ ಶಾಲೆ, ಹೆಸರು ಬರೆಯುವುದಿಲ್ಲ. ಡಿಸೆಂಬರಿನಿಂದ ನಾವು ಆರು ಜನ ಹುಡುಗಿಯರು ವಾರಕ್ಕೆ ಮೂರು ದಿನ ಅಲ್ಲಿ ಪಾಠದ ಪ್ರಾಕ್ಟೀಸಿಗೆ ಹೋಗುತ್ತೇವೆ. ಮಕ್ಕಳು ನಮ್ಮನ್ನು ತಾಈ ಅನ್ನುತ್ತಾರೆ. ಮೊದಲನೇ ವಾರ ಚಾಕ್‌ಪೀಸ್ ಮುರಿದು ಕಾಲ ಮೇಲೆ ಬಿದ್ದಾಗ ನನ್ನ ಬಾಯಿಂದ ‘ಅಯ್ಯ ಶಿವನೇ’ ಎಂದು ಬಂತು. ಕೊನೇ ಸಾಲಿನಲ್ಲಿ ಒಂದು ತಲೆ ಎದ್ದಿತು. ಊಟದ ಸುಟ್ಟಿಯಲ್ಲಿ ಅವಳು ಕಂಬದ ಮರೆಗೆ ಬಂದು ನಿಂತು, ಎರಡೂ ಜಡೆ ಬಾಯಲ್ಲಿ ಕಚ್ಚಿಕೊಂಡು, ಬಹಳ ಸಣ್ಣ ದನಿಯಲ್ಲಿ ಕೇಳಿದಳು: ‘ಅಕ್ಕಾ, ನೀವ್ ನಮ್ಮವರೇನ್ರಿ?’ ಅಂದಿನಿಂದ ಎಲ್ಲರ ಎದುರಿಗೆ ತಾಈ, ಕಂಬದ ಮರೆಯಲ್ಲಿ ಅಕ್ಕಾ. ಅವಳ ಅಪ್ಪ ಮಾಳಪ್ಪನವರು ನಿಮ್ಮ ಆಳಂದದ ಕಡೆಯವರೇ, ಗಾಡಿಯ ಬಿಡಿಭಾಗ ಮಾಡುವ ಒಂದು ಶೆಡ್ಡಿನಲ್ಲಿ ಲೋಡಿಂಗ್ ಕೆಲಸ. ಜನವರಿಯಲ್ಲಿ ಶಾಲೆಯ ಗೇಟಿನಲ್ಲಿ ನಿಂತು ನನಗೆ ಹೇಳಿದ್ದರು: ‘ನಾಕನೇತ್ತ ಪಾಸಾದ್ಲಂದ್ರ ಮುಂದ ಎಷ್ಟರೆ ಓದ್ಲಿ ಅಕ್ಕಾರ, ನಾ ಓದಸ್ತೀನಿ. ಹಿಂದಕ್ಕ ಹಾಕಿದ್ರ ಮಾತ್ರ ಅವರ ಆಯಿ ಊರಿಗೆ ಬಿಟ್ಟು ಬರ್ತೀನಿ. ಅಲ್ಲಿ ಕುರಿ ಅದಾವು, ಕಾಯ್ಲಿ.’ ಅಜ್ಜಿಯ ಊರಿಗೆ ಕಳಿಸುವ ಮಾತನ್ನು ಜಗಳದ ದನಿಯಲ್ಲಿ ಹೇಳಲಿಲ್ಲ ಅತ್ತಿ. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದರು.

ಈಗ ನಾನು ಮಾಡಿದ್ದು. ನಮ್ಮ ಲೆಕ್ಚರರ್ ಭಾನುಮತಿ ಮೇಡಂ ಒಂದು ದಿನ, ಓದುವುದರಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಇಂಗ್ಲಿಷ್ ಪುಸ್ತಕ ನೋಡಿ ಯಾರಾದರೂ ಹೊಸದು ತರಬಲ್ಲಿರಾ ಎಂದು ಕೇಳಿದರು. ಕ್ಲಾಸಿನ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಮರಾಠಿ ವ್ಯಾಕರಣದ ಪಿರಿಯಡಿನಲ್ಲಿ ಇವೇ ಮುಖಗಳು ಬೇರೆ ರೀತಿ ತಿರುಗುತ್ತವೆ, ಹಾಗಾಗಿ ನಾನು ಕೈ ಎತ್ತಿದೆ. ನಾಸಿಕದ ನನ್ನ ಹಳೇ ಹಾಸ್ಟೆಲಿನ ಲೈಬ್ರರಿಯಲ್ಲಿ ಯಾರೋ ಪರದೇಶದಿಂದ ತಂದುಕೊಟ್ಟಿದ್ದ ಟೀಚರುಗಳ ಒಂದು ದಪ್ಪ ಪುಸ್ತಕ ಇತ್ತು. ಹೋಗಿ ಬೇಡಿ ತಂದೆ. ಅದರಲ್ಲಿ ಒಂದು ಕೋಷ್ಟಕ: ಎಷ್ಟನೇ ಕ್ಲಾಸಿನ ಮಗು ಒಂದು ನಿಮಿಷಕ್ಕೆ ಎಷ್ಟು ಶಬ್ದ ಓದಬೇಕು. ನಾಲ್ಕನೆಯದಕ್ಕೆ ನೂರಾಹತ್ತು. ನಮ್ಮ ಮಕ್ಕಳು ಪಾಪ ಎಂದು ನಾನು ಇಪ್ಪತ್ತು ಕಡಿಮೆ ಮಾಡಿ ತೊಂಬತ್ತು ಇಟ್ಟೆ. ಹಾಗೆ ಕಡಿಮೆ ಮಾಡುವಾಗ ನನಗೆ ಬಹಳ ದೊಡ್ಡ ಮನಸ್ಸಿನವಳು ಅನ್ನಿಸಿತ್ತು ಅತ್ತಿ, ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಗುಲಾಬಿ ಬಣ್ಣದ ದಪ್ಪ ಕಾಗದದ ಮೇಲೆ ಒಂದು ಏಣಿ ಬರೆದೆ. ಕೆಳಗೆ ಹತ್ತು, ತುದಿಗೆ ತೊಂಬತ್ತು. ಪಿ.ಟಿ. ಸರ್ ಹತ್ತಿರ ಸ್ಟಾಪ್‌ವಾಚ್ ಇಸಿದುಕೊಂಡು, ನಾಲ್ಕನೇ ಇಯತ್ತೆಯ ಪುಸ್ತಕದ ಒಂದು ಪಾಠ ತೆರೆದು, ಮೂವತ್ತೆಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಓದಿಸಿದೆ. ಯಾರು ಎಷ್ಟೋ, ಅವರ ಹೆಸರಿನ ಚೀಟಿ ಆ ಮೆಟ್ಟಿಲಿಗೆ ಪಿನ್ನು. ಎಷ್ಟೋ ಮಕ್ಕಳು ಗೊತ್ತಾಗದ ಶಬ್ದ ಬಂದರೆ ಅದನ್ನು ದಾಟಿಕೊಂಡು ಓಡುತ್ತಿದ್ದರು. ಚನಬಸವ್ವನಿಗೆ ದಾಟಲು ಬರುವುದಿಲ್ಲ. ಬೆರಳಿಟ್ಟ ಶಬ್ದ ಬಿಡಿಸುವವರೆಗೆ ಬೆರಳು ಮುಂದೆ ಹೋಗುವುದಿಲ್ಲ, ಹಿಂದೆ ಯಾರು ನಕ್ಕರೂ ಹೋಗುವುದಿಲ್ಲ. ಅವಳ ಚೀಟಿ ಇಪ್ಪತ್ತೆರಡಕ್ಕೆ ಹೋಯಿತು. ನಲವತ್ತೈದರ ಕೆಳಗೆ ಏಳು ಚೀಟಿ ಇದ್ದವು, ಅದರಲ್ಲಿ ಐದು ಮನೆಯಲ್ಲಿ ಮರಾಠಿ ಆಡದ ಮಕ್ಕಳವು. ಅದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಇದನ್ನೆಲ್ಲ ಬರೆದ ಫೈಲಿಗೆ ಕಾಲೇಜಿನ ಸಿಕ್ಕಾದ ಮುದ್ರೆ ಬಿತ್ತು, ಭಾನುಮತಿ ಮೇಡಂ ಎಲ್ಲರ ಮುಂದೆ ನನ್ನನ್ನು ಹೊಗಳಿದರು.

ಆ ಶಾಲೆಯ ಮುಖ್ಯಾಧ್ಯಾಪಿಕೆ ರುಕ್ಮಿಣಿಬಾಯಿ. ಅವರಿಗೆ ಏಣಿ ಎಷ್ಟು ಹಿಡಿಸಿತೆಂದರೆ ಅದನ್ನು ಕ್ಲಾಸಿನಿಂದ ತೆಗೆಸಿ ತಮ್ಮ ಆಫೀಸಿನ ಹೊರಗೆ ಹಚ್ಚಿಸಿದರು. ಇಷ್ಟು ದಿನ ಯಾವ ಮಗು ಹಿಂದಿದೆ ಎಂದು ಹೇಳಿದರೂ ತಾಯಿತಂದೆ ಬಂದು ಜಗಳ ಮಾಡುತ್ತಿದ್ದರಂತೆ. ಈಗ ಅಂಕಿ ಇದೆ, ಅಂಕಿಯ ಜೊತೆ ಯಾರು ಜಗಳ ಮಾಡುತ್ತಾರೆ ಎಂದರು. ಸ್ಕಾಲರ್‌ಶಿಪ್ ಪರೀಕ್ಷೆಯ ರಿಸಲ್ಟು ಚೆನ್ನಾಗಿ ಬರಬೇಕೆಂದು ಶಾಲೆ ನಡೆಸುವ ಸಂಸ್ಥೆಯವರ ಒತ್ತಡ ಅವರ ಮೇಲೆ ಮೊದಲೇ ಇತ್ತು. ಫೆಬ್ರುವರಿ ಮೊದಲನೇ ವಾರದಲ್ಲಿ ನಿರ್ಧಾರ ಮಾಡಿದರು: ನಲವತ್ತೈದರ ಕೆಳಗಿನ ಏಳೂ ಮಕ್ಕಳು ಮಾರ್ಚ್ ಒಂದರಿಂದ ಎರಡನೇ ಇಯತ್ತೆಯ ಕೋಣೆಯಲ್ಲಿ ಕೂಡಬೇಕು, ವಾರ್ಷಿಕ ಪರೀಕ್ಷೆಯನ್ನೂ ಅಲ್ಲಿಯದನ್ನೇ ಬರೆಯಬೇಕು. ಅಂದರೆ ಎರಡು ವರ್ಷ ಹಿಂದೆ. ಪೋಷಕರ ಒಪ್ಪಿಗೆಗೆ ಒಂದು ಚೀಟಿ ಅಚ್ಚಾಯಿತು, ಸಹಿಗಳೂ ಆದವು. ಪಟ್ಟಿ ಸೋಮವಾರ, ಇಪ್ಪತ್ತಾರನೇ ತಾರೀಖು, ಸಂಸ್ಥೆಯ ಆಫೀಸಿಗೆ ಹೋಗುತ್ತದೆ. ಹೋದ ಮೇಲೆ ಅದು ತಿರುಗಿ ಬರುವುದಿಲ್ಲ.

ಏಣಿ ತಪ್ಪು ಎಂದು ನನಗೆ ಗೊತ್ತಾದದ್ದು ಅಸೆಂಬ್ಲಿಯಲ್ಲಿ. ಜನವರಿ ಕೊನೆಗೆ ರುಕ್ಮಿಣಿಬಾಯಿ ಸರಕಾರದ ಯಾವುದೋ ಸುತ್ತೋಲೆ ಓದುತ್ತಿದ್ದರು. ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಚಟ ಬಿದ್ದುಬಿಟ್ಟಿತ್ತು, ಬೇಕೆಂದು ಮಾಡಲಿಲ್ಲ, ಎಣಿಸಿದೆ. ಎಂಬತ್ತನಾಲ್ಕು. ಚಶ್ಮಾ ಸರಿಮಾಡಿಕೊಂಡದ್ದಕ್ಕೆ ಆರು ಸೆಕೆಂಡು ಬಿಟ್ಟುಕೊಟ್ಟರೂ ತೊಂಬತ್ತರ ಮೇಲೆ ಮೂರು. ಸಂಜೆ ಹಾಸ್ಟೆಲಿನಲ್ಲಿ ಮರಾಠಿ ಪೇಪರು ಕೊಟ್ಟು ರೂಮಿನ ಹುಡುಗಿಯರನ್ನು ಓದಿಸಿದೆ. ನೂರಾಎರಡು, ತೊಂಬತ್ತೇಳು. ನಾನು ಎಪ್ಪತ್ತೊಂದು. ನನ್ನ ಏಣಿಯ ಪ್ರಕಾರ ನಾನೇ ನಾಲ್ಕನೇ ಇಯತ್ತೆಗೆ ಲಾಯಕ್ಕಿಲ್ಲ. ಮತ್ತೆ ಆ ದಪ್ಪ ಪುಸ್ತಕ ತೆಗೆದೆ. ಕೋಷ್ಟಕದ ಮೇಲೆ ಎರಡು ಪ್ಯಾರಾ ಇದ್ದವು, ಸಣ್ಣ ಅಕ್ಷರದಲ್ಲಿ. ಈ ಅಂಕಿಗಳು ಮನೆಯಲ್ಲಿ ಆಡುವ ಭಾಷೆಯನ್ನೇ ಶಾಲೆಯಲ್ಲಿ ಓದುವ ಇಂಗ್ಲಿಷ್ ಮಕ್ಕಳಿಗೆ; ಬೇರೆ ಭಾಷೆಗೆ, ಬೇರೆ ಮಕ್ಕಳಿಗೆ ಹಚ್ಚಬೇಡಿ; ಹತ್ತರಲ್ಲಿ ಒಂಬತ್ತು ಶಬ್ದ ತಾನಾಗಿ ಓದಲು ಬರುವ ಪಾಠ ಕೊಟ್ಟು ಮಾತ್ರ ಎಣಿಸಿ; ಹಿಂದೆ ಬಿದ್ದ ಮಗುವಿಗೆ ಮೊದಲು ಪಾಠ ಇಳಿಸಿ, ಆಮೇಲೆ ಗುರಿ ಇಳಿಸಿ, ಇವೆರಡೂ ಆದ ಮೇಲೆ ಏರಿಸುವ ಮಾತು. ಇಡೀ ಪುಸ್ತಕದಲ್ಲಿ ಓದಬೇಕಾಗಿದ್ದದ್ದು ಅಷ್ಟೇ, ನಾನು ಓದದೆ ಬಿಟ್ಟದ್ದೂ ಅಷ್ಟೇ. ಕಾಲೇಜಿನಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ, ಹಾಗಾಗಿ ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ.

ಮಾರನೇ ದಿನದಿಂದ ಸುಟ್ಟಿಯಲ್ಲಿ ಚನಬಸವ್ವನನ್ನು ಕಂಬದ ಮರೆಗೆ ಕೂಡಿಸಿಕೊಂಡು ಎರಡನೇ ಇಯತ್ತೆಯ ಪುಸ್ತಕ ಕೊಟ್ಟೆ. ಅದರಲ್ಲಿ ಮದುವೆಗೆ ಹೊರಟ ಒಬ್ಬ ಮುದುಕನ ಕೊಡೆಯನ್ನು ಆಡು ತಿನ್ನುವ ಪಾಠ ಇದೆ. ಗಡಿಯಾರ ಅವಳಿಗೆ ಕಾಣದ ಹಾಗೆ ಸೆರಗಿನಲ್ಲಿ ಇಟ್ಟುಕೊಂಡು ಎಣಿಸಿದೆ, ನಲವತ್ತಮೂರು. ಅದಕ್ಕಿಂತ ಹೆಚ್ಚಿನದು, ಓದುತ್ತ ಓದುತ್ತ ನಕ್ಕಳು. ನಕ್ಕು, ‘ನಮ್ಮ ಆಯಿ ಮನ್ಯಾಗಿನ ಆಡು ಸೀರಿ ತಿಂದಿತ್ರೀ ಅಕ್ಕಾ, ಪೂರಾ ಅಲ್ಲ, ಸೆರಗಷ್ಟೇ’ ಎಂದಳು. ನಾಲ್ಕನೇ ಇಯತ್ತೆಯ ಪಾಠ ಓದುವಾಗ ಅವಳ ಮುಖದ ಮೇಲೆ ಯಾವತ್ತೂ ಏನೂ ಆಗಿರಲಿಲ್ಲ. ಅಂದರೆ ಅಷ್ಟು ದಿನ ಅವಳು ಬರೀ ಅಕ್ಷರ ಎತ್ತುತ್ತಿದ್ದಳು, ಕಲ್ಲು ಎತ್ತಿದ ಹಾಗೆ. ತೊಂಬತ್ತರ ಮಾತು ಬಿಟ್ಟೆ. ಅದೇ ಪಾಠ ಮೂರು ದಿನ, ಹೋದ ವಾರಕ್ಕಿಂತ ನಾಲ್ಕು ಶಬ್ದ ಹೆಚ್ಚು, ಅಷ್ಟೇ ಗುರಿ. ನಡುವೆ ಆಸೆಗೆ ಬಿದ್ದು ಮೂರನೇ ಇಯತ್ತೆಯದು ಕೊಟ್ಟೆ, ದನಿ ಒಳಗೆ ಹೋಗಿಬಿಟ್ಟಿತು, ಮತ್ತೆ ಇಳಿಸಿದೆ. ಮತ್ತೆ ಏರಿಸಿದೆ. ಈಗ ಎರಡನೆಯದರಲ್ಲಿ ಐವತ್ತೊಂಬತ್ತು, ಮೂರನೆಯದರಲ್ಲಿ ಮೂವತ್ತೆಂಟು, ನಾಲ್ಕನೆಯದರಲ್ಲಿ ಮೂವತ್ತೊಂದು. ಮೂರು ವಾರಕ್ಕೆ ಇದು ಸಣ್ಣದೇ? ನಿಮಗೆ ಗೊತ್ತು. ಆದರೆ ಗೋಡೆಯ ಮೇಲಿನ ಏಣಿಗೆ ಮೂವತ್ತೊಂದು ಅಂದರೆ ಇನ್ನೂ ಕೆಳಗೇ.

ಪುಸ್ತಕ ಇಳಿಸಿ ಕೊಡುವುದು ನನಗೆ ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕಾಗಿಲ್ಲ. ಆಳಂದದಲ್ಲಿ ನಿಮ್ಮ ಮನೆಯಲ್ಲಿದ್ದು ನಾನು ಓದಿದ ಆ ವರ್ಷ ನೀವು ಅಡಿಗೆಮನೆಯ ಕದ ಹಾಕಿಕೊಂಡು, ಒಂದನೇ ಇಯತ್ತೆಯ ಪುಸ್ತಕಕ್ಕೆ ಖಾಕಿ ಕಾಗದ ಸುತ್ತಿ, ಮೇಲೆ ಏನೂ ಬರೆಯದೆ, ಮೂರನೆಯ ಇಯತ್ತೆಯವಳಾದ ನನ್ನ ಕೈಗೆ ಕೊಡುತ್ತಿದ್ದಿರಿ. ಓದಿ ಮುಗಿದ ಮೇಲೆ ಕೆಂಪು ಬಟ್ಟೆಯ ರಟ್ಟಿನ ನೋಟ್‌ಬುಕ್ಕಿನಲ್ಲಿ ತಾರೀಖು, ಪಾಠ, ಅಂಕಿ ಬರೆದುಕೊಳ್ಳುತ್ತಿದ್ದಿರಿ. ಅಪ್ಪ ಫೋನ್ ಮಾಡಿದಾಗ ‘ಅತ್ತಿ ನನ್ನ ಸಣ್ಣ ಹುಡುಗರ ಜೋಡಿ ಕೂಡಸ್ತಾಳ’ ಎಂದು ಹೇಳಿದವಳು ನಾನು. ನೀವು ಒಂದು ದಿನವೂ ಹಾಗೆ ಕೂಡಿಸಿರಲಿಲ್ಲ. ಆ ಖಾಕಿ ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು, ನನಗೆ ಒಳಗಿನ ‘ಒಂದು’ ಕಂಡುಬಿಟ್ಟಿತ್ತು, ಅದರ ಸಿಟ್ಟು. ಅಪ್ಪ ಮರುವಾರವೇ ಬಂದು ‘ನನ್ನ ಮಗಳೇನು ದಡ್ಡಿಯೇನು’ ಎಂದು ಕೂಗಾಡಿ ನಿಮ್ಮೊಡನೆ ಮಾತು ಬಿಟ್ಟ ದಿನ ನಾನು ನೀರಿನ ಹಂಡೆಯ ಹಿಂದೆ ನಿಂತಿದ್ದೆ. ನೀವು ನನ್ನ ಕಡೆ ಒಂದು ಸಲ ನೋಡಿದಿರಿ, ಸುಳ್ಳು ಹೇಳಿದ್ದಾಳೆ ಎಂದು ಅಪ್ಪನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಇದನ್ನು ಅಪ್ಪನಿಗೆ ನಾನೇ ಹೇಳುತ್ತೇನೆ, ಏಪ್ರಿಲ್ ರಜೆಯಲ್ಲಿ. ಇಲ್ಲಿ ಬರೆದದ್ದು ನೀವು ನೋಡಿದಿರಿ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಕಳೆದ ಗುರುವಾರ ಭಾನುಮತಿ ಮೇಡಂ ಹತ್ತಿರ ಹೋಗಿ ಏಣಿ ತಪ್ಪಾಗಿದೆ ಎಂದೆ. ಅವರು ಬಾಗಿಲು ಮುಂದೆ ಮಾಡಿ, ಕಾಲೇಜಿನ ಸಿಕ್ಕಾ ಬಿದ್ದ ಫೈಲು ಅದು, ಈಗ ತಪ್ಪು ಎಂದರೆ ನಿನ್ನೊಬ್ಬಳದಲ್ಲ, ಆರೂ ಹುಡುಗಿಯರ ಪ್ರಾಕ್ಟೀಸ್ ರದ್ದಾಗುತ್ತದೆ, ವರ್ಷ ಹೋಗುತ್ತದೆ, ಪರೀಕ್ಷೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದರು. ಕೆಟ್ಟವರಲ್ಲ, ಹೆದರಿದ್ದರು. ಶುಕ್ರವಾರ ನಾನು ಅವರನ್ನು ಕೇಳದೆಯೇ ರುಕ್ಮಿಣಿಬಾಯಿಯವರ ಆಫೀಸಿಗೆ ಹೋದೆ. ನನ್ನ ಮರಾಠಿ ಅರ್ಧಕ್ಕೆ ಕೈಕೊಟ್ಟಿತು, ಆದರೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ತಮ್ಮ ಚಹಾದಲ್ಲಿ ಅರ್ಧವನ್ನು ಕಪ್ಪಿನ ಬಸಿಗೆ ಸುರಿದು ನನ್ನ ಕಡೆ ತಳ್ಳಿದರು. ಅಸೆಂಬ್ಲಿಯಲ್ಲಿ ಅವರನ್ನು ಎಣಿಸಿದ್ದನ್ನೂ ಹೇಳಿಬಿಟ್ಟೆ ಅತ್ತಿ, ಹೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು. ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಅವರ ಮಾತಿನ ತಾತ್ಪರ್ಯ ಇಷ್ಟು: ನೀನು ಹದಿನೆಂಟರ ಹುಡುಗಿ, ಡಿಸೆಂಬರಿನಲ್ಲಿ ಒಂದು ಕಾಗದ ತಂದೆ, ನಂಬಿದೆ, ಫೆಬ್ರುವರಿಯಲ್ಲಿ ಬಂದು ಬಾಯಿಮಾತಿನಲ್ಲಿ ಅದು ಸುಳ್ಳು ಅನ್ನುತ್ತೀ, ಸಂಸ್ಥೆಯವರಿಗೆ ನಾನು ಏನು ತೋರಿಸಲಿ? ಬೇರೆ ಕಾಗದ ತಾ. ನಮ್ಮ ದೇಶದ ಮಕ್ಕಳದು, ನಮ್ಮಂಥ ಶಾಲೆಯದು, ಸಿಕ್ಕಾ ಇರುವುದು. ಸೋಮವಾರ ಹನ್ನೊಂದರೊಳಗೆ ತಂದರೆ ಪಟ್ಟಿ ತಡೆಯುತ್ತೇನೆ.

ಅದಕ್ಕೇ ನಿಮ್ಮ ಕೆಂಪು ನೋಟ್‌ಬುಕ್ಕುಗಳು ಬೇಕು. ಮೂವತ್ತು ವರ್ಷ ನೀವು ಒಂದೊಂದು ಮಗುವಿನದೂ ಬರೆದಿಟ್ಟಿದ್ದೀರಿ: ಯಾವ ತಾರೀಖು, ಯಾವ ಪಾಠ, ನಿಮಿಷಕ್ಕೆ ಎಷ್ಟು, ಓದಿ ಆದ ಮೇಲೆ ಏನು ಹೇಳಿತು. ನಿಮ್ಮದು ಕನ್ನಡ ಶಾಲೆ, ಇಲ್ಲಿಯದು ಮರಾಠಿ, ನನಗೆ ಗೊತ್ತು. ಆದರೆ ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಆಡಿ ನಿಮ್ಮಲ್ಲಿಗೆ ಬಂದು ಕನ್ನಡ ಓದಿದ ಮಕ್ಕಳಿದ್ದರಲ್ಲ, ಅವರೇ ನನಗೆ ಬೇಕಾದವರು. ಅಂಥ ಹತ್ತು ಮಕ್ಕಳದು ಸಾಕು. ನಾಲ್ಕನೆಯದಕ್ಕೆ ಬಂದಾಗ ಎಷ್ಟಿತ್ತು, ಪಾಠ ಎಷ್ಟು ಇಳಿಸಿದಿರಿ, ಎಷ್ಟು ತಿಂಗಳಿಗೆ ಎಷ್ಟಾಯಿತು, ಮತ್ತೆ ಅವರು ಐದು, ಆರು, ಏಳು ಪಾಸಾದರೋ ಇಲ್ಲವೋ. ಒಂದು ಹಾಳೆಯ ಮೇಲೆ ಬರೆದು ಕೆಳಗೆ ನಿಮ್ಮ ಸಹಿ, ನಿಮ್ಮ ಹೆಡ್‌ಮಾಸ್ತರರ ಸಹಿ, ಶಾಲೆಯ ಸಿಕ್ಕಾ. ಅದಕ್ಕೇ ಮೇಲೆ ರಿಟೈರಿನ ಮಾತು ಕೇಳಿದ್ದು. ಫೋನಿನಲ್ಲಿ ಆಗುವುದಿಲ್ಲ, ಅವರಿಗೆ ಕಾಗದವೇ ಬೇಕು. ಅಂಕಿ ನನ್ನ ಕಡೆ ಬರದಿದ್ದರೆ, ಬರಲಿಲ್ಲ ಎಂದೇ ಬರೆಯಿರಿ. ಈ ಸಲ ಸಣ್ಣ ಅಕ್ಷರ ಬಿಟ್ಟು ಕೋಷ್ಟಕಕ್ಕೆ ಹಾರುವುದಿಲ್ಲ.

ಪೋಸ್ಟಿಗೆ ಹಾಕಿದರೆ ಸೋಮವಾರದೊಳಗೆ ಹೋಗಿ ಬರುವುದಿಲ್ಲ, ಹಾಗಾಗಿ ಮಾಳಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ತಮ್ಮನ ಮದುವೆ ಶುಕ್ರವಾರ, ಆಳಂದದಿಂದ ಮೂರು ಹರದಾರಿ ಆಚೆ ಊರು. ಇವತ್ತು ಸಂಜೆ ಸೋಲಾಪುರದ ಬಸ್ಸು ಹಿಡಿದು ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತಾರೆ, ಭಾನುವಾರ ವಾಪಸು ಹೊರಡುವಾಗ ಮತ್ತೆ ಬಂದು ಉತ್ತರ ಇಸಿದುಕೊಳ್ಳುತ್ತಾರೆ. ಚನಬಸವ್ವನೂ ಜೊತೆಗೆ ಬರುತ್ತಾಳೆ. ನಿಮ್ಮ ಕಾಲಿಗೆ ಬೀಳಲು ಹೇಳಿದ್ದೇನೆ, ನಾಚಿಕೆಯಾದರೆ ಬೀಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ್ರಿ. ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾನೇ ಹೋಗಿ ನಿಲ್ಲುತ್ತೇನೆ.

ಮೊಣಕಾಲು ಜೋಪಾನ. ಮನೆಯ ಮುಂದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ರಿ. ನನ್ನನ್ನು ಕ್ಷಮಿಸಲು ಆಗದಿದ್ದರೂ ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ
ಭಾರ್ಗವಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಮಾಳಪ್ಪನವರು ಹಾಸ್ಟೆಲಿನ ಗೇಟಿನ ಹೊರಗೆ ಕೂತಿದ್ದಾರೆ, ಐದಕ್ಕೆ ಹೊರಡಬೇಕು, ನಾಲ್ಕೂವರೆ ಆಗಿದೆ. ಹೇಳಬೇಕಾದದ್ದನ್ನೇ ಬರೆದಿಲ್ಲ ಅತ್ತಿ. ಸಹಿಗಳೂ ಆದವು ಎಂದು ಮೇಲೆ ಒಂದೇ ಮಾತಿನಲ್ಲಿ ಮುಗಿಸಿದೆನಲ್ಲ, ಮಾಳಪ್ಪನವರ ಸಹಿ ಮಾಡಿಸಿದವಳು ನಾನು. ರುಕ್ಮಿಣಿಬಾಯಿ ಕಾಗದ ತಾ ಅಂದ ಮಾರನೇ ದಿನ, ಶನಿವಾರ, ಮಾಳಪ್ಪನವರು ಆ ಮರಾಠಿ ಚೀಟಿ ಹಿಡಿದುಕೊಂಡು ಇಲ್ಲಿಗೇ ಬಂದಿದ್ದರು. ಅವರಿಗೆ ಓದಲು ಬರುವುದಿಲ್ಲ, ‘ನಮ್ಮ ಮಾತಿನ್ಯಾಗ ಓದಿ ಹೇಳ್ರಿ ಅಕ್ಕಾರ, ನೀವು ಹೇಳಿದ್ರ ನಂಬಿಗಿ’ ಎಂದರು. ಹುಡುಗಿ ಓದುವುದು ನಿಧಾನ ಇದೆ, ಶಾಲೆ ಅವಳ ಕಡೆ ಹೆಚ್ಚು ಲಕ್ಷ್ಯ ಕೊಡಬೇಕೆಂದಿದೆ ಎಂಬಲ್ಲಿಯವರೆಗೆ ಓದಿದೆ. ಅದರ ಕೆಳಗಿನ ಸಾಲು ಓದಲಿಲ್ಲ. ‘ಇಷ್ಟೇ ಏನ್ರಿ?’ ಎಂದು ಕೇಳಿದರು. ‘ಇಷ್ಟೇ’ ಎಂದೆ. ಓದಿದ್ದರೆ ಅವತ್ತೇ ಮಗಳ ಗಂಟು ಕಟ್ಟಿಸಿ ಕುರಿ ಕಾಯಲು ಕಳಿಸುತ್ತಿದ್ದರು ಎಂದು ಹೆದರಿದೆ. ಹೇಗೂ ಪಟ್ಟಿ ತಡೆಯುತ್ತೇನೆ, ಗೊತ್ತಾಗುವುದೇ ಇಲ್ಲ ಎಂದುಕೊಂಡೆ. ಹಾಸ್ಟೆಲಿನ ರೆಕ್ಟರ್ ಬಾಯಿಯ ಇಂಕ್‌ಪ್ಯಾಡ್ ಇಸಿದು ತಂದವಳೂ ನಾನೇ. ಮಾಳಪ್ಪನವರು ಹೆಬ್ಬೆಟ್ಟು ಒತ್ತಿ, ಮಸಿ ಹರಡಬಾರದೆಂದು ಊದಿ ಊದಿ ಒಣಗಿಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಆ ಚೀಟಿ ಈಗ ರುಕ್ಮಿಣಿಬಾಯಿಯವರ ಕಪಾಟಿನಲ್ಲಿದೆ.

ಇವತ್ತು ಮಧ್ಯಾಹ್ನದಿಂದ ಹೇಳಬೇಕೆಂದು ಎರಡು ಸಲ ಗೇಟಿಗೆ ಹೋದೆ. ಒಂದು ಸಲ ನಿಮ್ಮ ಓಣಿಯ ಗುರುತು ಕೇಳಿದರು, ಇನ್ನೊಂದು ಸಲ ಶೇಂಗಾ ಕೊಟ್ಟರು. ತಿಂದು ಬಂದೆ.

ಬಿಟ್ಟ ಸಾಲು ಇದು: ‘ಆದ್ದರಿಂದ ನನ್ನ ಮಗಳನ್ನು ಮಾರ್ಚ್ ಒಂದರಿಂದ ಎರಡನೇ ಇಯತ್ತೆಯಲ್ಲಿ ಕೂಡಿಸಲು ಹಾಗೂ ವಾರ್ಷಿಕ ಪರೀಕ್ಷೆ ಅಲ್ಲಿಯೇ ಬರೆಸಲು ನನ್ನ ಪೂರ್ಣ ಒಪ್ಪಿಗೆ ಇದೆ.’ ನೀವು ಇದನ್ನು ಓದುವಾಗ ಅವರು ನಿಮ್ಮ ಎದುರಿಗೆ ಇರುತ್ತಾರೆ. ಕೂಡಿಸಿ, ನೀರು ಕೊಟ್ಟು, ಈ ಸಾಲನ್ನು ಅವರಿಗೆ ಓದಿ ಹೇಳ್ರಿ. ನಾನು ಬಿಟ್ಟೆ ಎಂದೂ ಹೇಳ್ರಿ. ಒಪ್ಪಿಗೆ ವಾಪಸು ಕೇಳುವ ಹಕ್ಕು ಅವರಿಗಿದೆ, ಅದನ್ನೂ ಹೇಳ್ರಿ. ಸಿಟ್ಟಿನಲ್ಲಿ ಹುಡುಗಿಯನ್ನು ಅಲ್ಲೇ ಬಿಟ್ಟು ಬಂದುಬಿಡಬಹುದು, ನನಗೆ ಆ ಹೆದರಿಕೆ ಇದ್ದೇ ಇದೆ, ಆದರೂ ಓದ್ರಿ. ಆಮೇಲೆ, ಅವರು ಏನಾದರೂ ನಿರ್ಧಾರ ಮಾಡುವ ಮೊದಲು, ಚನಬಸವ್ವನ ಚೀಲದಲ್ಲಿ ಎರಡನೇ ಇಯತ್ತೆಯ ಪುಸ್ತಕ ಇದೆ, ತೆಗೆಸಿ ಒಂದು ಪಾಠ ಓದಿಸ್ರಿ. ಎಣಿಸಬೇಡ್ರಿ. ಅವರಿಗೆ ಕೇಳಿಸಲಿ, ಅಷ್ಟೇ. ಮಗಳು ಓದುವುದನ್ನು ಅವರು ಇದುವರೆಗೆ ಒಂದು ಸಲವೂ ಕೇಳಿಲ್ಲ.

ನೋಟ್‌ಬುಕ್ಕಿನ ಹಾಳೆ ಆಗದಿದ್ದರೂ ಪರವಾಗಿಲ್ಲ, ಅವರು ಏನಂದರು ಎನ್ನುವುದನ್ನು ನಾಳೆಯೇ ತಿಳಿಸ್ರಿ. ಹಾಸ್ಟೆಲಿನ ಫೋನ್ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ, ಸಂಜೆ ಆರರಿಂದ ಏಳರವರೆಗೆ ನಮ್ಮನ್ನು ಕರೆಯುತ್ತಾರೆ. ಆರಕ್ಕೇ ಹೋಗಿ ಫೋನಿನ ಹತ್ತಿರ ಕೂತಿರುತ್ತೇನೆ. ಬೇಗ ತಿಳಿಸ್ರಿ.